ಅಜೂರ್ ಬ್ಯಾಕಪ್: ಇಡೀ ವಿಎಂ ತೆಗೆಯಬೇಕೋ, ಫೈಲ್‌ಗಳಷ್ಟೇ ಸಾಕೋ?

ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ನಲ್ಲಿರುವ ನಿಮ್ಮ ವಿಎಂ (ವರ್ಚುವಲ್ ಮೆಷೀನ್, ಕ್ಲೌಡ್‌ನಲ್ಲಿ ಓಡುವ ಕಂಪ್ಯೂಟರ್) ಲಿನಕ್ಸ್ ಆದರೆ ಯೋಚನೆಯೇ ಬೇಡ: ಫೈಲ್, ಫೋಲ್ಡರ್‌ಗಳನ್ನು ಬ್ಯಾಕಪ್ ಮಾಡುವ ಮಾರ್ಸ್ ಏಜೆಂಟ್ ಓಡುವುದು ವಿಂಡೋಸ್‌ನಲ್ಲಿ ಮಾತ್ರ, ಹಾಗಾಗಿ ಇಡೀ ವಿಎಂ ಬ್ಯಾಕಪ್ಪೇ ಸರಿ. ಅದಕ್ಕೆ ವಿಎಂ ಏಜೆಂಟ್ (ವಿಎಂ ಒಳಗಿನ ಅಜೂರ್‌ನ ಸಹಾಯಕ ತಂತ್ರಾಂಶ) ಚಾಲೂ ಇರಬೇಕು, ವಾಲ್ಟ್ (ಬ್ಯಾಕಪ್ ಇಡುವ ಭಂಡಾರ) ವಿಎಂ ಇರುವ ರೀಜನ್‌ನಲ್ಲೇ, ಅಂದರೆ ಅಜೂರ್‌ನ ಅದೇ ಡೇಟಾ ಸೆಂಟರ್ ವಲಯದಲ್ಲೇ ಇರಬೇಕು. ಸೆಂಟ್ರಲ್ ಇಂಡಿಯಾದ ವಿಎಂಗೆ ಸೌತ್ ಇಂಡಿಯಾದ ವಾಲ್ಟ್ ಆಗದು. ಬ್ಯಾಕಪ್‌ಗೆ ಆರಿಸುವ ಪಟ್ಟಿಯಲ್ಲಿ ವಿಎಂ ಕಾಣದಿದ್ದರೆ ಮೊದಲು ಇದನ್ನೇ ನೋಡಿ. ಡೇಟಾಬೇಸ್ ಇದ್ದರೆ ಪ್ರೀ-ಪೋಸ್ಟ್ ಸ್ಕ್ರಿಪ್ಟ್ (ಬ್ಯಾಕಪ್‌ಗೆ ಮೊದಲೂ ನಂತರವೂ ಓಡುವ ಸ್ಕ್ರಿಪ್ಟ್) ಖಂಡಿತ ಹಾಕಿ. ಇಲ್ಲದಿದ್ದರೆ ಸಿಗುವುದು ಫೈಲ್ ಸಿಸ್ಟಮ್ ಮಟ್ಟದ ಪ್ರತಿ ಅಷ್ಟೇ. ಮೆಮೊರಿಯಲ್ಲಿ ಉಳಿದದ್ದು ಅದರಲ್ಲಿರದು.

ವಿಂಡೋಸ್‌ನಲ್ಲಿ ಕೆಲವೇ ಫೋಲ್ಡರ್ ಸಾಕೆಂದರೆ ಮಾರ್ಸ್ ಹಗುರ, ದಿನಕ್ಕೆ 3 ಸಲ ಓಡಿಸಬಹುದು. ಆದರೆ ಅದು ಕೆಲಸಕ್ಕೆ ಬಳಸುವ ಕ್ಯಾಶ್ ಫೋಲ್ಡರ್‌ಗೆ ಡೇಟಾದ ಶೇ. 5ರಿಂದ 10ರಷ್ಟು ಜಾಗ ಖಾಲಿ ಬೇಕು: 500 ಜಿಬಿಗೆ 25ರಿಂದ 50 ಜಿಬಿ. ಅದನ್ನು ತಾತ್ಕಾಲಿಕ ಡಿಸ್ಕ್‌ನಲ್ಲಿಡಬೇಡಿ, ವಿಎಂ ಡೀಅಲೊಕೇಟ್ ಆದರೆ (ಪೂರ್ತಿ ನಿಲ್ಲಿಸಿ ಅಜೂರ್‌ಗೆ ಬಿಟ್ಟುಕೊಟ್ಟರೆ) ಅಳಿಸಿಹೋಗುತ್ತದೆ. ಬ್ಯಾಕಪ್‌ನ ಎನ್‌ಕ್ರಿಪ್ಷನ್ ಬಿಡಿಸಲು ಬೇಕಾದ ಪಾಸ್‌ಫ್ರೇಸ್ ಅನ್ನು ಆ ವಿಎಂನಿಂದ ಹೊರಗೆ ಜೋಪಾನ ಮಾಡಿ.