ಮ್ಯೂನಿಕ್‌ನಲ್ಲಿ ಹಳೇ ಬಾಡಿಗೆದಾರರಿಂದ ಅಡುಗೆಮನೆ ಕೊಳ್ಳುವವರೇ, ಮೊದಲು ಒಲೆ ಹಚ್ಚಿ ನೋಡಿ

ಮ್ಯೂನಿಕ್‌ನಲ್ಲಿ ಮನೆ ಹುಡುಕುತ್ತಿರುವ ನಮ್ಮ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉದ್ದ ಇದೆ. ಕೋಪದಲ್ಲೇ ಬರೆಯುತ್ತಿದ್ದೇನೆ, ಹೇಳಿದ್ದನ್ನೇ ಎರಡು ಸಲ ಹೇಳಿದರೆ ಸಹಿಸಿಕೊಳ್ಳಿ. 4,200 ಯೂರೋ. ರೂಪಾಯಿ ಲೆಕ್ಕ ಹಾಕಬೇಡಿ, ನಾನು ಹಾಕಿ ಹಾಕಿ ನಿದ್ದೆ ಕೆಡಿಸಿಕೊಂಡಿದ್ದೇನೆ. ಅಷ್ಟು ದುಡ್ಡು ಕೊಟ್ಟು ನಮಗೆ ಸಿಕ್ಕಿದ್ದು 2009ರ ಓವನ್ನು, ಇಂಡಕ್ಷನ್ ಅಂತ ಹೇಳಿ ಕೊಟ್ಟ ಇಂಡಕ್ಷನ್ ಅಲ್ಲದ ಒಲೆ, ಹೊಗೆ ಹೊರಗೆ ಕಳಿಸದ ಚಿಮ್ನಿ. ಮಾರಿದವರು ಜರ್ಮನ್ನರಲ್ಲ. ಕನ್ನಡದವರು. "ಅಕ್ಕಾ, ಅಕ್ಕಾ" ಅಂತ ಬಾಯ್ತುಂಬ ಕರೆದೇ ಮಾರಿದ್ದು.

ಇಲ್ಲಿನ ಪದ್ಧತಿ ಇಲ್ಲಿರುವವರಿಗೆ ಗೊತ್ತೇ ಇದೆ. ಹೊಸಬರಿಗಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ಬರೀ ಗೋಡೆ, ನೀರಿನ ಪೈಪು, ಒಲೆಗೆ ಬಿಟ್ಟಿರುವ ದಪ್ಪ ವೈರು, ಅಷ್ಟೇ. ಸಿಂಕು ಕೂಡ ಇರುವುದಿಲ್ಲ. ಕ್ಯಾಬಿನೆಟ್ಟು, ಒಲೆ, ಫ್ರಿಜ್ಜು ಎಲ್ಲಾ ಬಾಡಿಗೆದಾರರದ್ದೇ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬೇಕು, ಇಲ್ಲಾ ಮುಂದೆ ಬರುವವರಿಗೆ ಮಾರಬೇಕು. ಆ ದುಡ್ಡಿಗೇ ಆಬ್ಲೋಸೆ ಅನ್ನುವುದು. ಅದು ಸರಿಯಾಗಿ ನಡೆದರೆ ಇಬ್ಬರಿಗೂ ಒಳ್ಳೆಯದೇ, ನನ್ನ ತಕರಾರು ಅದರ ಮೇಲಲ್ಲ. ಆದರೆ ಮ್ಯೂನಿಕ್‌ನಲ್ಲಿ ಮನೆ ಸಿಗುವುದೇ ಕಷ್ಟ ಅಲ್ವಾ. ಮನೆ ಬಿಡುವವರು ಮಾಲೀಕರಿಗೆ "ಇವರಿಗೆ ಕೊಡಿ" ಅಂತ ಹೆಸರು ಹೇಳಿದರೆ ಅರ್ಧ ಕೆಲಸ ಆದ ಹಾಗೆ. ಅವರು ಹೆಸರು ಹೇಳಬೇಕು ಅಂದರೆ ಅವರ ಅಡುಗೆಮನೆ ತಗೋಬೇಕು. ಯಾರೂ ಬಾಯಿ ಬಿಟ್ಟು ಹೀಗೆ ಹೇಳುವುದಿಲ್ಲ. ಎಲ್ಲರಿಗೂ ಅರ್ಥ ಆಗಿರುತ್ತದೆ.

ಮನೆ ಮ್ಯೂನಿಕ್‌ನ ಪಾಸಿಂಗ್ ಬಡಾವಣೆ ಕಡೆ. ನೋಡಲು ಹೋದಾಗ ಆ ಮನುಷ್ಯ ಬಾಗಿಲಲ್ಲೇ ಕನ್ನಡದಲ್ಲಿ ಮಾತಾಡಿಸಿದರು. ಹಾಸನ ಅಂದಕೂಡಲೇ "ಅಯ್ಯೋ, ನಮ್ಮ ಅತ್ತೆ ಮನೆ ಅರಸೀಕೆರೆ ಅಕ್ಕಾ" ಅಂದರು. ಕಾಫಿ ಕೊಟ್ಟರು. ಒಲೆ ಮೇಲೆ ಒಂದು ದೊಡ್ಡ ಮರದ ಹಲಗೆ, ಅದರ ಮೇಲೆ ಹಣ್ಣಿನ ಬುಟ್ಟಿ. ಒಲೆ ಹಚ್ಚಿ ತೋರಿಸಿ ಅಂದೆ. ಕೇಳಲೇ ಇಲ್ಲ ಅಂದುಕೊಳ್ಳಬೇಡಿ, ಕೇಳಿದೆ. "ಮಗು ಕೈ ಹಾಕುತ್ತೆ ಅಕ್ಕಾ, ಅದಕ್ಕೆ ಫ್ಯೂಸೇ ಆಫ್ ಮಾಡಿಟ್ಟಿದ್ದೀವಿ" ಅಂತ ಹಲಗೆ ಸ್ವಲ್ಪ ಸರಿಸಿ ಗಾಜು ತೋರಿಸಿದರು. ಕಪ್ಪು ಗಾಜು ಯಾವುದಾದರೇನು, ಆಫ್ ಆಗಿರುವಾಗ ಇಂಡಕ್ಷನ್ನೂ ಹಾಗೇ ಇರುತ್ತದೆ, ಹಳೇ ಒಲೆಯೂ ಹಾಗೇ ಇರುತ್ತದೆ. ನಮ್ಮ ಹಿಂದೆ ಇನ್ನೊಂದು ಜೋಡಿ ಮೆಟ್ಟಿಲ ಹತ್ತಿರ ಕಾಯುತ್ತಿತ್ತು. ಅವರೂ ನಿಮ್ಮ ಹಾಗೇ ಆಸಕ್ತಿ ಇರೋರು ಅಂತ ಪಿಸುಮಾತಲ್ಲಿ ಹೇಳಿದರು.

ನಾನು ಕೇಳಿದ್ದು ಎರಡೇ ವಿಷಯ. ಒಂದು, ಇದು ಇಂಡಕ್ಷನ್ನಾ? ಎರಡು, ಚಿಮ್ನಿ ಗಾಳಿ ಹೊರಗೆ ಹೋಗುತ್ತಾ? ಯಾಕೆ ಅಂತ ನಿಮಗೆ ಗೊತ್ತಲ್ಲ. ನಮ್ಮ ಅಡುಗೆಗೆ ಈ ಎರಡೇ ಮುಖ್ಯ. ಹಿಂದಿನ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದ ದಿನ ಮೇಲಿನ ಮನೆಯವರು ಬಂದು ಬಾಗಿಲು ತಟ್ಟಿದ್ದರು. ಅದಕ್ಕೇ ಹೊಸ ಮನೆ ಹುಡುಕುತ್ತಿದ್ದದ್ದು ಅಂತಲೂ ಹೇಳಿದ್ದೆ. ಅವರ ಉತ್ತರ ವಾಟ್ಸಾಪ್‌ನಲ್ಲಿ ಇನ್ನೂ ಇದೆ, ಅಳಿಸಿಲ್ಲ: "ಹೌದು ಅಕ್ಕಾ, ಇಂಡಕ್ಷನ್. ಎಲ್ಲಾ 2021ರಲ್ಲಿ ಹಾಕಿಸಿದ್ದು. ಚಿಮ್ನಿ ಡೈರೆಕ್ಟ್ ಹೊರಗೆ. ನನ್ನ ವೈಫ್ ದಿನಾ ಒಗ್ಗರಣೆ ಹಾಕ್ತಾರೆ, ಯಾರೂ ಒಂದು ದಿನ ಕಂಪ್ಲೇಂಟ್ ಮಾಡಿಲ್ಲ." ಇದನ್ನು ನಂಬಿ ಹಳೇ ಅಲ್ಯೂಮಿನಿಯಂ ಕುಕ್ಕರು, ಹಿಂಡಾಲಿಯಂ ಬಾಣಲೆ ಎಲ್ಲಾ ಗೆಳತಿಗೆ ಕೊಟ್ಟೆ. ಊರಿಗೆ ಹೋದಾಗ ಇಂಡಕ್ಷನ್ ತಳದ ಕುಕ್ಕರು, ಹೊಸ ದೋಸೆ ಹಂಚು ತಂದೆ. ಆ ಹಂಚನ್ನು ಫ್ರಾಂಕ್‌ಫರ್ಟ್‌ನಲ್ಲಿ ಕಸ್ಟಮ್ಸ್‌ನವರು ಬ್ಯಾಗಿಂದ ತೆಗೆಸಿ ತಿರುಗಿಸಿ ತಿರುಗಿಸಿ ನೋಡಿದ್ದು ಬೇರೆ ಕಥೆ.

ಬೀಗದ ಕೈ ಸಿಕ್ಕಿತು. ದುಡ್ಡು ಅಷ್ಟೊತ್ತಿಗೆ ಅವರ ಖಾತೆಗೆ ಹೋಗಿಯಾಗಿತ್ತು. ಮೊದಲ ದಿನ ಹಾಲು ಉಕ್ಕಿಸೋಣ ಅಂತ ಪುಟ್ಟ ಪಾತ್ರೆ ಇಟ್ಟು ಒಲೆ ಹಚ್ಚಿದೆ. ಗಾಜಿನ ಕೆಳಗೆ ನಿಧಾನಕ್ಕೆ ಕೆಂಪು ಬಂತು. ಸುರುಳಿ ಸುರುಳಿಯಾಗಿ ಕೆಂಪಗೆ ಉರಿಯುತ್ತಿದೆ. ನಾನು ನೋಡುತ್ತಾ ನಿಂತೆ. ಇಂಡಕ್ಷನ್ ಎಲ್ಲಾದರೂ ಕೆಂಪಗಾಗುತ್ತದಾ? ನಮ್ಮ ಮನೆಯವರು "ಇದ್ಯಾವುದೋ ಹೊಸ ಥರದ್ದಿರಬೇಕು" ಅಂದರು, ಪಾಪ. ಪಾತ್ರೆ ಪಕ್ಕಕ್ಕಿಟ್ಟು, ಹೀಗೇ ಇದ್ದ ಒಂದು ಅಲ್ಯೂಮಿನಿಯಂ ಲೋಟದಲ್ಲಿ ನೀರು ಹಾಕಿ ಇಟ್ಟೆ. ನೀರು ಕುದಿಯಿತು. ಇಂಡಕ್ಷನ್ ಆಗಿದ್ದರೆ ಬರೀ ಅಲ್ಯೂಮಿನಿಯಂ ಬಿಸಿಯೇ ಆಗುತ್ತಿರಲಿಲ್ಲ. ಅಲ್ಲಿಗೆ ಮುಗಿಯಿತು. ಆ ಲೋಟದ ನೀರು ಗುಳುಗುಳು ಅನ್ನುವುದನ್ನು ನೋಡಿ ನನಗೆ ಬಂದ ಅಳು ಇದೆಯಲ್ಲ, ಅದು ದುಡ್ಡಿಗೆ ಬಂದದ್ದಲ್ಲ. ಅಕ್ಕಾ ಅಂದಿದ್ದರಲ್ಲ, ಅದಕ್ಕೆ. ಅದು ಸೆರಾನ್ ಅನ್ನುವ ಸಾಮಾನ್ಯ ಗಾಜಿನ ಒಲೆ. ಹಾಲು ಉಕ್ಕುವಾಗ ಆಫ್ ಮಾಡಿದರೂ ಕಾವು ಆರುವುದಿಲ್ಲ, ಉಕ್ಕಿ ಚೆಲ್ಲಿಯೇ ಚೆಲ್ಲುತ್ತದೆ. ದೋಸೆಗೆ ಹಂಚು ಕಾಯುವಷ್ಟರಲ್ಲಿ ಹಸಿವೇ ಹೋಗುತ್ತದೆ.

ಆಮೇಲೆ ಚಿಮ್ನಿ. ಸಾಸಿವೆ ಸಿಡಿಸಿದೆ, ಚಿಮ್ನಿ ಜೋರಾಗಿ ಸದ್ದು ಮಾಡಿತು, ಘಾಟು ನನ್ನ ಮುಖಕ್ಕೇ ವಾಪಸ್ ಬಂತು. ಸ್ಟೂಲ್ ಹಾಕಿಕೊಂಡು ಹತ್ತಿ ಮೇಲಿನ ಕ್ಯಾಬಿನೆಟ್ ತೆಗೆದೆ. ಒಳಗೆ ಒಂದು ಬೆಳ್ಳಿ ಬಣ್ಣದ ಪೈಪು ಮೇಲಕ್ಕೆ ಹೋಗಿದೆ. ಕ್ಯಾಬಿನೆಟ್ಟಿನ ತಲೆಯಲ್ಲಿ ಒಂದು ರಂಧ್ರ ಇದೆ. ಪೈಪು ಅಲ್ಲೇ ನಿಂತಿದೆ. ಗೋಡೆಗೆ ಹೋಗಿಲ್ಲ, ಕಿಟಕಿಗೆ ಹೋಗಿಲ್ಲ, ಎಲ್ಲಿಗೂ ಹೋಗಿಲ್ಲ. ಗಾಳಿ ಹೀರಿ, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ, ಅದೇ ಕೋಣೆಗೆ ಬಿಡುವ ಜಾತಿಯದ್ದು. ಇಲ್ಲಿ ಎಷ್ಟೋ ಫ್ಲಾಟುಗಳಲ್ಲಿ ಇದೇ ಇರುತ್ತದೆ, ತಪ್ಪಲ್ಲ. ಆದರೆ ಹಾಗಂತ ಹೇಳಬೇಕು ತಾನೇ? ಫಿಲ್ಟರ್ ತೆಗೆದರೆ ಬೆರಳಿಗೆ ಜೇನಿನಂಥ ಹಳದಿ ಜಿಡ್ಡು ಅಂಟಿತು. ಬದಲಾಯಿಸಿ ಎಷ್ಟು ಕಾಲ ಆಗಿತ್ತೋ. ದಿನಾ ಒಗ್ಗರಣೆ ಹಾಕುತ್ತಿದ್ದರು ಅನ್ನುವುದೊಂದು ಮಾತ್ರ ನಿಜ ಅಂತ ಕಾಣುತ್ತೆ.

ಇಷ್ಟಾದ ಮೇಲೆ 2021ರ ಮಾತೂ ಸುಳ್ಳೇ ಇರಬೇಕು ಅಂತ ಓವನ್ ಬಾಗಿಲು ತೆಗೆದು ಚೌಕಟ್ಟಿನ ಮೇಲಿನ ಚಿಕ್ಕ ಲೇಬಲ್ ನೋಡಿದೆ. ಇದನ್ನು ಎಲ್ಲರೂ ತಿಳಿದುಕೊಳ್ಳಿ. ಬಾಷ್, ಸೀಮೆನ್ಸ್ ಯಂತ್ರಗಳಲ್ಲಿ ಎಫ್‌ಡಿ ಅಂತ ಒಂದು ನಂಬರ್ ಇರುತ್ತದೆ, ನಾಲ್ಕು ಅಂಕಿ. ಮೊದಲ ಎರಡು ಅಂಕಿಗೆ 1920 ಕೂಡಿಸಿದರೆ ತಯಾರಾದ ವರ್ಷ. ಕೊನೆಯ ಎರಡು ಅಂಕಿ ತಿಂಗಳು. ನಮ್ಮದರಲ್ಲಿ 8911 ಅಂತ ಇತ್ತು. 2009, ನವೆಂಬರ್. ನಮ್ಮ ಮದುವೆಗಿಂತ ಹಳೆಯದು.

ಈಗ ಅವರ ಉತ್ತರಗಳು. ಸುಮ್ನೆ ಅಲ್ಲ, ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

ಮೊದಲು: "ಅಯ್ಯೋ ಹೌದಾ ಅಕ್ಕಾ? ನಮಗೂ ಹಿಂದಿನೋರು ಇಂಡಕ್ಷನ್ ಅಂತಲೇ ಕೊಟ್ಟಿದ್ದು." ಹಾಗಾದರೆ 2021ರಲ್ಲಿ ಹಾಕಿಸಿದ್ದು ಅಂದಿರಲ್ಲ, ಯಾರು ಹಾಕಿಸಿದ್ದು? ಇದಕ್ಕೆ ಉತ್ತರ ಇಲ್ಲ. ಎರಡು ನೀಲಿ ಟಿಕ್ ಮಾತ್ರ. ಮರುದಿನ: "2021ರಲ್ಲಿ ನಾವು ಮನೆಗೆ ಬಂದಿದ್ದು ಅಂದೆ ಅಕ್ಕಾ, ನೀವು ತಪ್ಪು ತಿಳ್ಕೊಂಡಿರಿ." ನಾನು ಅವರದೇ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. ಆಗ ಅಕ್ಕ ಹೋಗಿ ಮೇಡಂ ಆದೆ. "ಮೇಡಂ, ನೀವು ನೋಡೇ ತಗೊಂಡಿದ್ದಲ್ವಾ? ಅಗ್ರಿಮೆಂಟ್ ಓದಿ." ಅಗ್ರಿಮೆಂಟಿನಲ್ಲಿ ಕೊನೆಗೆ ಜರ್ಮನ್‌ನಲ್ಲಿ ಒಂದು ಸಾಲು, ಗೆಕೌಫ್ಟ್ ವೀ ಗೆಸೇಹೆನ್, ಅಂದರೆ ನೋಡಿದ ಹಾಗೇ ಕೊಂಡಿದ್ದು, ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಕನ್ನಡದಲ್ಲಿ ಕಾಫಿ ಕೊಟ್ಟವರು ಈ ಒಂದು ಸಾಲಿಗೆ ಮಾತ್ರ ಜರ್ಮನ್ ಹುಡುಕಿಕೊಂಡಿದ್ದರು! ಕೊನೆಗೆ ಬಂದದ್ದು ಇದು: "ಇದು ಇಷ್ಟು ದೊಡ್ಡ ವಿಷಯ ಮಾಡಬೇಡಿ ಮೇಡಂ, ನಾವು ನಿಮ್ಮ ಹೆಸರು ಹೇಳದೇ ಇದ್ದಿದ್ರೆ ನಿಮಗೆ ಮನೆ ಸಿಗ್ತಿತ್ತಾ?" ಇದನ್ನು ಓದಿ ಫೋನನ್ನು ಎತ್ತಿ ಎಸೆಯುವುದೊಂದು ಬಾಕಿ.

ಬಾಡಿಗೆದಾರರ ಸಂಘಕ್ಕೆ ಹೋದೆ, ಮೀಟರ್‌ಫೆರೈನ್ ಅಂತಾರೆ, ಸದಸ್ಯರಾದರೆ ಸಲಹೆ ಕೊಡುತ್ತಾರೆ. ಅಲ್ಲಿ ತಿಳಿದದ್ದು. ಆಬ್ಲೋಸೆ ಎಷ್ಟು ಬೇಕಾದರೂ ಕೇಳುವ ಹಾಗಿಲ್ಲ. ವಸ್ತುವಿನ ಈಗಿನ ಬೆಲೆಗಿಂತ ತೀರಾ ಜಾಸ್ತಿ ಇದ್ದರೆ ಆ ಜಾಸ್ತಿಯ ಭಾಗಕ್ಕೆ ಒಪ್ಪಂದ ನಿಲ್ಲುವುದಿಲ್ಲ, ಕಾನೂನಿನಲ್ಲೇ ಇದೆ. ಕೋರ್ಟುಗಳು ಸಾಮಾನ್ಯವಾಗಿ ಶೇ. 50ರ ಗೆರೆ ಹಾಕಿವೆ. ಅಂದರೆ 1,000 ಬಾಳುವುದಕ್ಕೆ 1,500ಕ್ಕಿಂತ ಜಾಸ್ತಿ ಕೊಟ್ಟಿದ್ದರೆ ಆ ಜಾಸ್ತಿಯನ್ನು ವಾಪಸ್ ಕೇಳಬಹುದು. ಬರೀ ಮನೆ ಬಿಟ್ಟುಕೊಡುವುದಕ್ಕೆ ಅಂತ ದುಡ್ಡು ಕೇಳುವುದಂತೂ ನಡೆಯುವುದೇ ಇಲ್ಲ, ಸಾಗಣೆ ಖರ್ಚನ್ನು ರಸೀದಿ ಇಟ್ಟು ಕೇಳಿದರೆ ಬೇರೆ ಮಾತು. ಇನ್ನು ಆ ನೋಡಿದ ಹಾಗೇ ಕೊಂಡಿದ್ದು ಅನ್ನುವ ಸಾಲು. ಬೇಕಂತಲೇ ಸುಳ್ಳು ಹೇಳಿ ಮಾರಿದವರನ್ನು ಅದು ಕಾಯುವುದಿಲ್ಲ. ಆದರೆ ಸುಳ್ಳು ಹೇಳಿದ್ದನ್ನು ನಾವು ತೋರಿಸಬೇಕು. ನನ್ನ ಪುಣ್ಯ, ವಾಟ್ಸಾಪ್ ಇದೆ. ಬಾಯಿಮಾತಲ್ಲೇ ಹೇಳಿದ್ದರೆ ಇವತ್ತು ನಾನು ಏನು ತೋರಿಸಲಿ?

ಹಾಗಾಗಿ ಹೇಳುವುದು ಇಷ್ಟೇ. ಒಲೆ ಹಚ್ಚದೆ ತೋರಿಸಿದರೆ ತಗೋಬೇಡಿ, ಮಗು ಇದ್ದರೂ ಸರಿ, ಅಜ್ಜಿ ಇದ್ದರೂ ಸರಿ, ಫ್ಯೂಸ್ ಹಾಕಿಸಿ. ಕ್ಯಾಬಿನೆಟ್ ತೆಗೆದು ಪೈಪು ಎಲ್ಲಿಗೆ ಹೋಗಿದೆ ಅಂತ ಕಣ್ಣಾರೆ ನೋಡಿ. ಲೇಬಲ್ಲಿನ ಫೋಟೋ ತಗೊಳ್ಳಿ, ಬಿಲ್ಲು ಕೇಳಿ. ಇಂಡಕ್ಷನ್, ವರ್ಷ, ಚಿಮ್ನಿ, ಎಲ್ಲಾ ಅಗ್ರಿಮೆಂಟಿನಲ್ಲೇ ಬರೆಸಿ. ಬೀಗದ ಕೈ ಕೊಡುವ ದಿನವೇ ದುಡ್ಡು, ಅದಕ್ಕೂ ಮುಂಚೆ ಒಂದು ಸೆಂಟೂ ಬೇಡ. ಮುಖ್ಯವಾಗಿ ನಮ್ಮ ಭಾಷೆಯವರು ಅಂತ ಇದರಲ್ಲಿ ಒಂದನ್ನೂ ಬಿಡಬೇಡಿ. ಅಪರಿಚಿತ ಜರ್ಮನ್ ಮುದುಕರ ಹತ್ತಿರ ತಗೊಂಡಿದ್ದರೆ ನಾನು ಇದೆಲ್ಲಾ ನೋಡದೆ ಬಿಡುತ್ತಿರಲಿಲ್ಲ.

ನಾನು ಇದನ್ನು ಬಿಡುವುದಿಲ್ಲ. ಆ ಮನುಷ್ಯ ಈಗ ಇರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವೆನ್‌ನಲ್ಲಿ. ದೇಶ ಬಿಟ್ಟರೆ ಮುಗಿಯಿತು ಅಂದುಕೊಂಡಿರಬೇಕು. ಯುರೋಪಿಯನ್ ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದು ದೇಶದವರ ಮೇಲೆ 5,000 ಯೂರೋ ತನಕದ ವ್ಯಾಜ್ಯಕ್ಕೆ ಅಂತಲೇ ಒಂದು ಸುಲಭದ ದಾರಿ ಇದೆ, ಫಾರ್ಮ್ ತುಂಬಿದರೆ ಆಯಿತು, ವಕೀಲರೇ ಬೇಕು ಅಂತಿಲ್ಲ. ನಮ್ಮದು 4,200, ಸರಿಯಾಗಿ ಅದರೊಳಗೆ ಬರುತ್ತದೆ. ಇದನ್ನು ಹೇಳಿದ ಮೇಲೆ "ಅಕ್ಕಾ, ಒಂದು 300 ಕಳಿಸ್ತೀನಿ, ಇಲ್ಲಿಗೆ ಬಿಟ್ಟುಬಿಡಿ" ಅಂತ ಬಂತು. ಮತ್ತೆ ಅಕ್ಕ ಆಗಿದ್ದೆ. ನಿಮ್ಮ ಈಗಿನ ವಿಳಾಸ ಕೊಡಿ, ಫಾರ್ಮಿನಲ್ಲಿ ಬರೆಯಬೇಕು ಅಂತ ಕೇಳಿದೆ. ಬ್ಲಾಕ್ ಮಾಡಿದರು. ವಿಳಾಸ ಮನೆ ಮಾಲೀಕರ ಹತ್ತಿರ ಇದ್ದೇ ಇರುತ್ತದೆ, ಅವರ ಡೆಪಾಸಿಟ್ ಇನ್ನೂ ವಾಪಸ್ ಹೋಗಿಲ್ಲ. ಸೋಮವಾರ ಬೆಳಿಗ್ಗೆ ಮಾಲೀಕರಿಗೆ ಫೋನ್ ಮಾಡುತ್ತಿದ್ದೇನೆ.