ಲಿಬ್‌ಕರ್ಲ್: ಸಿದ್ಧ ಪ್ಯಾಕೇಜೋ, ಮೂಲ ಕೋಡೋ?

ಲಿಬ್‌ಕರ್ಲ್ ಅಂದರೆ ಇಂಟರ್ನೆಟ್‌ನಲ್ಲಿ ಡೇಟಾ ಕಳಿಸಲು, ತರಿಸಲು ಬೇರೆ ತಂತ್ರಾಂಶಗಳು ಬಳಸುವ ಲೈಬ್ರರಿ. ಬರೀ ಅದನ್ನು ಬಳಸಿದರೆ ಸಾಕು ಎನ್ನುವವರು ಲಿನಕ್ಸ್ ವಿತರಣೆಯ ಸಿದ್ಧ ಪ್ಯಾಕೇಜನ್ನೇ ಹಾಕಿಕೊಳ್ಳಿ. ಒಂದು ಕಮಾಂಡಿಗೆ ಕೆಲಸ ಮುಗಿಯುತ್ತದೆ, ಭದ್ರತಾ ತಿದ್ದುಪಡಿಗಳೂ ಸಿಸ್ಟಂ ಅಪ್‌ಡೇಟಿನ ಜೊತೆಗೇ ಬರುತ್ತವೆ. ಕೋಡ್ ಬರೆಯುವವರು ಹೆಡರ್ ಕಡತಗಳಿರುವ ಡೆವಲಪ್‌ಮೆಂಟ್ ಪ್ಯಾಕೇಜನ್ನೂ ಹಾಕಬೇಕು.

ಹೊಚ್ಚ ಹೊಸ ಆವೃತ್ತಿಯೇ ಬೇಕು, ಅಥವಾ ಪುಟ್ಟ ಸಾಧನಕ್ಕಾಗಿ ಎಫ್‌ಟಿಪಿ, ಟೆಲ್‌ನೆಟ್‌ನಂಥ ಪ್ರೋಟೋಕಾಲ್‌ಗಳನ್ನು ಕೈಬಿಟ್ಟು ಲೈಬ್ರರಿಯನ್ನು ಹಗುರ ಮಾಡಬೇಕು ಎಂದರೆ ಮೂಲ ಕೋಡೇ ಸರಿ. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಹೆಜ್ಜೆಗಳಷ್ಟೇ. ಆದರೆ 2021ರ 7.77.0 ಆವೃತ್ತಿಯಿಂದ ಈಚೆಗೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಭದ್ರಪಡಿಸುವ ಟಿಎಲ್‌ಎಸ್‌ಗಾಗಿ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ ಬೇಕೋ, ಬೇರೆಯದೋ, ಯಾವುದೂ ಬೇಡವೋ ಎಂದು ನೀವೇ ಹೇಳಬೇಕು. ಹೇಳದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲುತ್ತದೆ. ಈ ಕಟ್ಟುನಿಟ್ಟು ನನಗೆ ಒಳ್ಳೆಯದೆನಿಸುತ್ತದೆ. ಗಿಟ್‌ನಿಂದ ಇಳಿಸಿಕೊಂಡ ಕೋಡಿನಲ್ಲಿ ಕಾನ್ಫಿಗರ್ ಕಡತವೇ ಇರುವುದಿಲ್ಲ, ಆಟೋರಿಕಾನ್ಫ್ ಎಂಬ ಕಮಾಂಡ್ ಓಡಿಸಿ ಅದನ್ನು ತಯಾರಿಸಿಕೊಳ್ಳಬೇಕು. ಹೊಸಬರಿಗೆ ಬಿಡುಗಡೆಯ ಟಾರ್ ಕಡತವೇ ಸುಲಭ.

ನಿಜವಾದ ತೊಡಕು ಇನ್‌ಸ್ಟಾಲ್ ಆದ ಮೇಲಿನದು. ಹೊಸ ಲೈಬ್ರರಿ ಯುಎಸ್‌ಆರ್ ಒಳಗಿನ ಲೋಕಲ್ ಫೋಲ್ಡರಿಗೆ ಹೋಗುತ್ತದೆ, ಹಳೆಯದು ತನ್ನ ಜಾಗದಲ್ಲೇ ಇರುತ್ತದೆ. ಆವೃತ್ತಿ ಕೇಳಿದಾಗ ಒಂದೇ ಸಾಲಿನಲ್ಲಿ ಕರ್ಲ್‌ಗೆ (ಈ ಲೈಬ್ರರಿಯನ್ನು ಬಳಸುವ ಕಮಾಂಡ್) ಒಂದು ಸಂಖ್ಯೆ, ಲಿಬ್‌ಕರ್ಲ್‌ಗೆ ಇನ್ನೊಂದು ಸಂಖ್ಯೆ! ಇದರ ಹಿಂದೆ ಬಿದ್ದು ನಾನು ಒಂದು ಇಡೀ ಸಂಜೆ ಕಳೆದಿದ್ದೇನೆ. ಸಿಸ್ಟಂನ ಲೈಬ್ರರಿ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡಿಸಿದ ಮೇಲೆ ಎರಡೂ ಹೊಂದಿಕೊಂಡವು. ಸಿಸ್ಟಂನ ಹಳೆಯ ಪ್ರತಿಯ ಮೇಲೆಯೇ ಹೊಸದನ್ನು ಬರೆಯಲು ಮಾತ್ರ ಹೋಗಬೇಡಿ. ಅದನ್ನು ನೆಚ್ಚಿಕೊಂಡ ಬೇರೆ ತಂತ್ರಾಂಶಗಳು ಕೈಕೊಡಬಹುದು. ಕಾನ್ಫಿಗರ್‌ನ ಪ್ರಿಫಿಕ್ಸ್ ಆಯ್ಕೆಯಲ್ಲಿ ಪ್ರತ್ಯೇಕ ಫೋಲ್ಡರ್ ಕೊಡಿ.