ಎರಡಡಿ ಅಕ್ವೇರಿಯಂ ಕಿಟ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ನಮ್ಮ ಮನೆಯ ಹಜಾರಕ್ಕೆ ಈ ತೊಟ್ಟಿ ಬಂದು ಮೂರು ವರ್ಷ ತುಂಬಿತು. ಹೊಸದಾಗಿ ಮೀನು ಸಾಕುವವರಿಗೆಂದೇ ಮಾರುವ ಕಿಟ್ ಇದು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ, ಎಲ್‌ಇಡಿ ದೀಪವಿರುವ ಮುಚ್ಚಳ, ಒಳಗೋಡೆಗೆ ಅಂಟಿಸುವ ಫಿಲ್ಟರ್, 50 ವ್ಯಾಟ್ ಹೀಟರ್. ಆಗ 6,500 ರೂಪಾಯಿ ಕೊಟ್ಟಿದ್ದೆ. ಗಾಜಿನ ಅಂಚುಗಳಿಂದ ಇಂದಿನವರೆಗೆ ಒಂದು ಹನಿ ನೀರು ಸೋರಿಲ್ಲ, ಅದಕ್ಕೆ ಪೂರ್ಣ ಅಂಕ. ಆದರೆ ಜೊತೆಗೆ ಬಂದ ಕೈಪಿಡಿಯನ್ನು ನಂಬಿ ಎರಡು ಸಲ ಮೀನುಗಳನ್ನು ಕಳೆದುಕೊಂಡಿದ್ದೇನೆ. ಕೊಳ್ಳುವ ಮೊದಲು ಯಾರಾದರೂ ಇದನ್ನು ಹೇಳಿದ್ದರೆ ಅವು ಉಳಿಯುತ್ತಿದ್ದವು ಎಂಬ ನೋವು ಈಗಲೂ ಇದೆ.

ನೀರು ತುಂಬಿಸಿ, 24 ಗಂಟೆ ಫಿಲ್ಟರ್ ಓಡಿಸಿ, ಮೀನು ಬಿಡಿ ಎಂದಿತ್ತು ಕೈಪಿಡಿ. ಹಾಗೆಯೇ ಆರು ನಿಯಾನ್ ಟೆಟ್ರಾ, ನಾಲ್ಕು ಗಪ್ಪಿ ಬಿಟ್ಟೆ. ಹತ್ತು ದಿನದೊಳಗೆ ಐದು ಟೆಟ್ರಾಗಳು ಸತ್ತವು. ನೀರು ಮಾತ್ರ ತಿಳಿಯಾಗಿಯೇ ಇತ್ತು. ಕಣ್ಣಿಗೆ ಕಾಣದ ಅಮೋನಿಯಾ ಕೊಲ್ಲುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಮೀನಿನ ಕಿವಿರಿನಿಂದ ಅಮೋನಿಯಾ ಹೊರಬರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಕಡಿಮೆ ಪ್ರಮಾಣದಲ್ಲಿದ್ದರೆ ಮೀನು ತಾಳಿಕೊಳ್ಳುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನಿಲ್ಲದೆ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ ತೊಟ್ಟಿಯನ್ನು ಓಡಿಸುವುದೇ ಸರಿಯಾದ ದಾರಿ. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದನ್ನು ತಂದು ನಿಮ್ಮ ಫಿಲ್ಟರಿನೊಳಗೆ ಇಡಿ. ಹಾಲಿಗೆ ಹೆಪ್ಪು ಹಾಕಿದಂತೆ ಅದು. ಕಾಯುವ ದಿನಗಳು ಬಹಳ ಕಡಿಮೆಯಾಗುತ್ತವೆ.

ಎರಡನೆಯ ಸಾವು ನಾಲ್ಕನೆಯ ತಿಂಗಳಲ್ಲಿ. ಫಿಲ್ಟರಿನ ಕಾರ್ಟ್ರಿಜ್ಜನ್ನು, ಅಂದರೆ ಒಳಗೆ ಕೂರುವ ಸೋಸುವ ತುಂಡನ್ನು, ಪ್ರತಿ ತಿಂಗಳು ಬದಲಿಸಬೇಕು ಎಂದಿತ್ತು ಕೈಪಿಡಿ. ಅಲ್ಲಿಯವರೆಗೆ ಬದಲಿಸದ ನಾನು ತಡವಾಯಿತೆಂಬ ಆತಂಕದಲ್ಲಿ ಹಳೆಯದನ್ನು ಕಸಕ್ಕೆ ಎಸೆದು ಹೊಸದನ್ನು ಹಾಕಿದೆ. ಮೂರನೆಯ ದಿನ ಬೆಳಿಗ್ಗೆ ಗಪ್ಪಿಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿದ್ದವು. ಅಷ್ಟು ಹೊತ್ತಿಗೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಕೊಂಡಿದ್ದೆ. ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ ತೋರಿಸಿತು, ಇರಬೇಕಾದದ್ದು ಸೊನ್ನೆ. ನಾಲ್ಕು ತಿಂಗಳು ಬೆಳೆದ ಹೆಪ್ಪನ್ನು ನಾನೇ ಎಸೆದಿದ್ದೆ. ವಾರವಿಡೀ ದಿನವೂ ಅರ್ಧ ನೀರು ಬದಲಿಸಿದೆ. ಎರಡು ಮೀನು ಹೋದವು, ಉಳಿದವು ಚೇತರಿಸಿಕೊಂಡವು.

ಅಂದಿನಿಂದ ಕಾರ್ಟ್ರಿಜ್ ಕೊಂಡಿಲ್ಲ. ಆ ಜಾಗಕ್ಕೆ ಸ್ಪಂಜು ಕತ್ತರಿಸಿ ತುಂಬಿದ್ದೇನೆ. ಎರಡು ವಾರಕ್ಕೊಮ್ಮೆ ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದನ್ನು ಹಿಂಡುತ್ತೇನೆ. ನಲ್ಲಿಯ ಕೆಳಗೆ ತೊಳೆಯಬಾರದು, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಜೊತೆಗೆ 250 ರೂಪಾಯಿಯ ಒಂದು ಸ್ಪಂಜ್ ಫಿಲ್ಟರನ್ನು ಏರ್ ಪಂಪಿಗೆ ಜೋಡಿಸಿ ಮೂಲೆಯಲ್ಲಿಟ್ಟೆ. ಈ ಮೂರು ವರ್ಷದಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಬೆಲೆ ಕೊಟ್ಟ ವಸ್ತು ಅದೇ. ಕರೆಂಟ್ ಹೋದಾಗ ಪಂಪು ಇನ್ವರ್ಟರಿನ ಮೇಲೆ ನಡೆಯುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಡುವವರು ಕೊಳವೆಗೆ ಒಂದು ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಲು ಬಿಡುವ ಕವಾಟ) ಹಾಕಲೇಬೇಕು, ಇಲ್ಲದಿದ್ದರೆ ಪಂಪು ನಿಂತಾಗ ನೀರು ಕೊಳವೆಯೊಳಗೆ ಹಿಂದಕ್ಕೆ ಹರಿದು ನೆಲಕ್ಕಿಳಿಯಬಹುದು.

ನಮ್ಮ ನೀರಿನ ಬಗ್ಗೆ ಹೇಳಬೇಕು. ನಮ್ಮ ಕಟ್ಟಡದ ಸಂಪಿನಲ್ಲಿ ಕಾವೇರಿಯೂ ಕೊಳವೆಬಾವಿಯ ನೀರೂ ಬೆರೆಯುತ್ತವೆ. ಪಿಎಚ್ 7.8, ಗಡಸು ನೀರು. ಗಾಜಿನ ಮೇಲಂಚಿನಲ್ಲಿ ಬಿಳಿ ಗೆರೆ ಕಟ್ಟುತ್ತದೆ. ನಿಯಾನ್ ಟೆಟ್ರಾ ಅಮೆಜಾನ್ ಕೊಳ್ಳದ ಮೆದು ನೀರಿನ ಮೀನು. ಅದೂ ಅಲ್ಲದೆ ಪಿಎಚ್ ಹೆಚ್ಚಿದ್ದಷ್ಟೂ ಅಮೋನಿಯಾ ಹೆಚ್ಚು ವಿಷಕಾರಿ. ಅವು ನನ್ನ ಮನೆಗೆ ಬರಲೇಬಾರದಿತ್ತು. ಗಪ್ಪಿ, ಪ್ಲಾಟಿಗಳಿಗೆ ಇದೇ ಗಡಸು ನೀರು ಹಿತ. ಗಿಡಗಳಲ್ಲಿ ವ್ಯಾಲಿಸ್ನೇರಿಯಾ ಹುಲುಸಾಗಿ ಬೆಳೆದಿದೆ. ಜಾವಾ ಫರ್ನ್ ಕೂಡ ಚೆನ್ನಾಗಿದೆ, ಅದರ ಕಾಂಡವನ್ನು ಜಲ್ಲಿಯಲ್ಲಿ ಹೂಳದೆ ಕಲ್ಲಿಗೆ ದಾರದಿಂದ ಕಟ್ಟಬೇಕು ಅಷ್ಟೆ.

ಅಮ್ಮ ಊರಿನಿಂದ ಬಂದು ಎರಡು ತಿಂಗಳು ಇದ್ದರು. ಶೃಂಗೇರಿಯ ತುಂಗೆಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಅಭ್ಯಾಸವಿದ್ದವರು. ಒಂದು ಮಧ್ಯಾಹ್ನ ತೊಟ್ಟಿಯ ತುಂಬ ಮಂಡಕ್ಕಿ ತೇಲುತ್ತಿತ್ತು. "ನೀನು ಹಾಕುವ ಚಿಟಿಕೆ ಯಾವ ಮೂಲೆಗೆ ಸಾಲುತ್ತದೆ? ಪಾಪ, ಗಾಜಿನ ಹತ್ತಿರ ಬಂದು ಕೇಳುತ್ತವೆ" ಎಂದರು. ಅವರ ಕರುಣೆ ದೊಡ್ಡದು, ಅದನ್ನು ನೋಯಿಸಲು ಮನಸ್ಸಾಗಲಿಲ್ಲ. "ಅಮ್ಮಾ, ತುಂಗೆ ಹರಿಯುತ್ತದೆ, ಇದು ನಿಂತ ನೀರು. ನಾಲ್ಕು ಕೊಡದಷ್ಟೂ ಇಲ್ಲ" ಎಂದು ವಿವರಿಸಿದೆ. ಆಮೇಲೆ ಬೆಳಗಿನ ಪಾಳಿಯನ್ನು ಅವರೇ ವಹಿಸಿಕೊಂಡರು. ಎರಡು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ, ಭಾನುವಾರ ಉಪವಾಸ.

ಹೀಟರಿಗೆ ಇಲ್ಲಿ ಡಿಸೆಂಬರ್, ಜನವರಿಯಲ್ಲಷ್ಟೇ ನಿಜವಾದ ಕೆಲಸ. ನೀರನ್ನು 25 ಡಿಗ್ರಿಯಲ್ಲಿ ಇಡಲು 50 ವ್ಯಾಟ್ ಸಾಕಾಗಿದೆ. ನೀರು ತೆಗೆಯುವ ಮೊದಲು ಅದರ ಪ್ಲಗ್ ಕಿತ್ತುಬಿಡಿ. ಬಿಸಿಯಾದ ಗಾಜಿನ ಕೊಳವೆ ನೀರಿನಿಂದ ಹೊರಗುಳಿದರೆ ಒಡೆಯುತ್ತದೆ. ಮುಚ್ಚಳದ ದೀಪ ಎರಡನೆಯ ವರ್ಷ ಕೆಟ್ಟಿತು, ಬಿಡಿಭಾಗ ಸಿಗಲಿಲ್ಲ. ಈಗ ಬೇರೆ ದೀಪ ಹಾಕಿದ್ದೇನೆ, ದಿನಕ್ಕೆ ಎಂಟು ಗಂಟೆ. ಅದಕ್ಕಿಂತ ಹೆಚ್ಚು ಉರಿಸಿದಾಗ ಗಾಜಿಗೆ ಪಾಚಿ ಹತ್ತಿತು.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಲು ಅರ್ಧ ಗಂಟೆ ಸಾಕು. ತೆಗೆದ ನೀರು ಬಾಲ್ಕನಿಯ ಕರಿಬೇವಿನ ಕುಂಡಕ್ಕೆ, ಹೊಸ ನೀರಿಗೆ ಕ್ಲೋರಿನ್ ನಿವಾರಕದ ಹನಿ. ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ನಾನೀಗ ಗಂಡುಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಹೆಚ್ಚಾದ ಮೀನನ್ನು ಅಂಗಡಿಗೆ ಹಿಂದಿರುಗಿಸಿ, ದಯವಿಟ್ಟು ಕೆರೆಗೆ ಬಿಡಬೇಡಿ. ಪಾಚಿ ತಿನ್ನುತ್ತದೆಂದು ಅಂಗುಲದ ಮರಿಯಾಗಿ ಮಾರುವ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ, ಹೀಗೆ ಬಿಟ್ಟದ್ದು ನಮ್ಮ ಕೆರೆಗಳಲ್ಲಿ ಸ್ಥಳೀಯ ಮೀನುಗಳ ಜಾಗ ಕಿತ್ತುಕೊಳ್ಳುತ್ತಿದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಳೆದ ಎರಡು ಅಂಕ ಕೈಪಿಡಿಯದು. ಇಂದು ಕೊಳ್ಳುವುದಾದರೆ ಬರಿಯ ತೊಟ್ಟಿ, ಸ್ಪಂಜ್ ಫಿಲ್ಟರ್, ಹೀಟರ್, ಪರೀಕ್ಷಾ ಕಿಟ್ ಬಿಡಿಬಿಡಿಯಾಗಿ ತರುತ್ತೇನೆ. ಕಿಟ್ಟನ್ನೇ ತಂದವರು ಹತ್ತಿರದಲ್ಲಿದ್ದರೆ ತಿಳಿಸಿ, ನನ್ನ ಸ್ಪಂಜಿನ ಒಂದು ತುಂಡು ಕತ್ತರಿಸಿ ಕೊಡುತ್ತೇನೆ.